ಬಟ್ಟೆಯ ಪಟ್ಟೆಗಳು

ಜನವರಿ ೪

ಪುಕ್ಕಲಿ,

ಮೊದಲೇ ಹೇಳಿಬಿಡುತ್ತೇನೆ, ನನಗೇನೂ ಆಗಿಲ್ಲ. ಇನ್ನು ಉಸಿರು ಬಿಟ್ಟು ಮುಂದೆ ಓದು.

ಇಸ್ತ್ರಿ ಅಕ್ಕನಿಗೆ ಕಾರು ಹೊಡೆಯಿತು. ನಮ್ಮ ಆಸ್ಪತ್ರೆಯ ಗೇಟಿನ ಎದುರಿಗೇ. ಕೆಲಸ ಮುಗಿಸಿ, ಅಕಾಲದ ಮಳೆ ನಿಂತ ಮೇಲೆ ಬಟ್ಟೆ ಕೋಣೆಗೆ ಬೀಗ ಹಾಕಿ ಇಬ್ಬರೂ ಹೊರಟಿದ್ದೆವು. ನಾನು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದೆ, ಅವಳು ಮುಂದೆ ಹೆಜ್ಜೆ ಇಟ್ಟಳು. ತಲೆ ಎತ್ತುವಷ್ಟರಲ್ಲಿ ರಸ್ತೆಯಂಚಿನಲ್ಲಿ, ಚರಂಡಿಯ ಪಕ್ಕ, ಮುಖ ಅಡಿಯಾಗಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿದೆ. ನಾನು ಹೊಲಿದು ಅವಳು ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಯ ಮೇಲೆ ಈಗ ಅವಳೇ ಮಲಗಿದ್ದಾಳೆ. ಪ್ರಜ್ಞೆ ಬಂದ ಕೂಡಲೇ "ಈ ದಿಂಬಿನ ಚೀಲಕ್ಕೆ ಯಾರೇ ಇಸ್ತ್ರಿ ಹಾಕಿದ್ದು? ಎಮ್ಮೆ ನೆಕ್ಕಿದ ಹಾಗಿದೆ" ಅಂದಳು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಪೊಲೀಸಿನವರು ಬರೆದದ್ದು ಮಾತ್ರ 'ಪಾದಚಾರಿಯ ತಪ್ಪು' ಎಂದು. ಪಟ್ಟೆ ಇಲ್ಲದ ಕಡೆ ದಾಟಿದಳಂತೆ. ಅಲ್ಲಿ ಜೀಬ್ರಾ ಪಟ್ಟೆ ಇತ್ತು ಕಣೇ, ನೀನೂ ಚಿಕ್ಕವಳಿದ್ದಾಗ ಅದರ ಮೇಲೆ ಕುಂಟೆಬಿಲ್ಲೆ ಆಡುತ್ತಾ ದಾಟಿದ್ದೀಯ. ಹೊಸ ಡಾಂಬರು ಹಾಕಿದಾಗ ಅದರಡಿ ಹೋಯಿತು, ಮತ್ತೆ ಬಳಿಯಲು ಯಾರೂ ಬರಲಿಲ್ಲ. ಬಿದ್ದಾಗ ಕಣ್ಣೆದುರಿಗೇ ಬಿಳಿ ಇತ್ತು, ಬಿಳಿ ಇತ್ತು ಎಂದು ಅಕ್ಕ ಹೇಳುತ್ತಲೇ ಇದ್ದಾಳೆ. ಪಾಪ, ತಲೆಗೂ ಪೆಟ್ಟಾಗಿದೆ. ಜೀವಮಾನವೆಲ್ಲ ಬಿಳಿ ಬಟ್ಟೆಯ ಮುಂದೆ ನಿಂತವಳಿಗೆ ಇನ್ನೇನು ಕಾಣುತ್ತದೆ.

ನೀನು ಕೋರ್ಟಿನಲ್ಲಿ ದಿನವಿಡೀ ಟೈಪ್ ಮಾಡುವವಳು. ಒಂದು ಮಾತು ತಿಳಿಸು, ರಸ್ತೆ ಯಾರದ್ದು? ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ. ಕಾಗದದಲ್ಲಾದರೆ ಇಬ್ಬರೂ ಮನುಷ್ಯರ ಹಾಗೆ ಮಾತಾಡುತ್ತೇವೆ.

ಅಮ್ಮ


ಜನವರಿ ೧೨

ಅಮ್ಮಾ,

ನಿನಗೇನೂ ಆಗಿಲ್ಲ ಎಂಬ ಸಾಲನ್ನೇ ಎಷ್ಟೋ ಸಲ ಓದಿಕೊಂಡೆ. ಚಪ್ಪಲಿ ಸರಿಯಾಗಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬಾರದು ಎಂದುಕೊಂಡು ಅದನ್ನೇ ಯೋಚಿಸುತ್ತಿದ್ದೇನೆ.

ಕೇಳಿದ್ದಕ್ಕೆ ಉತ್ತರ: ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟವರಿಗೆ ಮೊದಲ ಹಕ್ಕು. ಗಾಡಿ ನಿಲ್ಲಲೇಬೇಕು. ಹಾರ್ನ್ ಹೊಡೆದುಬಿಟ್ಟರೆ ಸಾಲದು. ಆದರೆ ಅಲ್ಲಿ ಪಟ್ಟೆ ಇತ್ತು ಎಂದು ಇಸ್ತ್ರಿ ದೊಡ್ಡಮ್ಮನ ಕಡೆಯವರು ತೋರಿಸಬೇಕು. ತೋರಿಸಿದರೆ, ಡಾಂಬರು ಹಾಕಿ ಮುಚ್ಚಿದ್ದು ರಸ್ತೆ ಇಲಾಖೆಯವರ ತಪ್ಪಾಗುತ್ತದೆ, ದೊಡ್ಡಮ್ಮನದ್ದಲ್ಲ. ಒಳ್ಳೆ ವಕೀಲರನ್ನು ಹಿಡಿದು ದಾವೆ ಹೂಡಲಿ.

ಇನ್ನೊಂದು ಮಾತನ್ನೂ ಕೇಳಿಸಿಕೋ. ನಾನು ಟೈಪ್ ಮಾಡುವ ಕೇಸುಗಳಲ್ಲಿ ಹಕ್ಕು ಬಹಳ ಸಲ ನಡೆಯುವವರದ್ದೇ ಆಗಿರುತ್ತದೆ. ಅವರೇ ಇರುವುದಿಲ್ಲ. ಅವರ ಮಕ್ಕಳು ಬಂದು ಸಾಕ್ಷಿ ಹೇಳುತ್ತಾರೆ, ನಾನು ತಲೆ ತಗ್ಗಿಸಿ ಟೈಪ್ ಮಾಡುತ್ತೇನೆ. ಅದಕ್ಕೇ ನಮ್ಮ ಕೋರ್ಟಿನ ಮುಂದೆ ಪಟ್ಟೆ ಇದ್ದರೂ ಹತ್ತು ಜನ ಸೇರುವ ತನಕ ನಿಂತು, ಅವರ ಮಧ್ಯೆ ತೂರಿಕೊಂಡು ದಾಟುತ್ತೇನೆ. ನಗಬೇಡ.

ನೀನು ಗೇಟಿನಾಚೆಯ ಆ ಪಾದಚಾರಿ ಮೇಲ್ಸೇತುವೆ ಹತ್ತಿಯೇ ದಾಟು. ಮಾತು ಕೊಡು.

ನಿನ್ನ ಪುಕ್ಕಲಿ


ಫೆಬ್ರವರಿ ೯

ಪುಕ್ಕಲಿ,

ಮೇಲ್ಸೇತುವೆ ಹತ್ತಿದೆ. ಮಾತು ಕೊಡು ಅಂದೆಯಲ್ಲ, ಒಂದು ದಿನ ಹತ್ತಿದೆ. ಲಿಫ್ಟ್ ಕೆಟ್ಟಿದೆ, ಮೆಟ್ಟಿಲಿಗೆ ಲೆಕ್ಕವಿಲ್ಲ, ಇಳಿಯುವಾಗ ಮಂಡಿ ನನಗೆ ಹಿಡಿಶಾಪ ಹಾಕಿತು. ವಾಕರ್ ಹಿಡಿದ ರೋಗಿಗಳು ಅದನ್ನು ಹತ್ತುವ ಹೊತ್ತಿಗೆ ಗುಣವಾಗಿಯೇ ಇಳಿಯಬೇಕು.

ನಿನ್ನ ಕಾಗದವನ್ನು ಬಟ್ಟೆ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. 'ಗಾಡಿ ನಿಲ್ಲಲೇಬೇಕು' ಎಂಬಲ್ಲಿ ಲಾಂಡ್ರಿಯ ಉದ್ದಣ್ಣ ಮೇಜು ಗುದ್ದಿದ. ಅವನು ಬಟ್ಟೆ ಒಗೆಯುವ ಯಂತ್ರದವನು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವಷ್ಟು ಎತ್ತರ. "ಹಂಗಾದ್ರೆ ಪಟ್ಟೆ ನಾವೇ ಹಾಕೋಣ" ಅಂದ. "ಬಣ್ಣ ಬಳಿದ್ರೆ ಹಿಡ್ಕೊಂಡು ಹೋಗ್ತಾರೆ ಕಣೋ" ಅಂದೆ. ಆಮೇಲೆ ಕೈಯಲ್ಲಿದ್ದ ಹರಕು ಬಟ್ಟೆ ನೋಡಿದೆ.

ಎಕ್ಸ್-ರೇ ಕೋಣೆಯಿಂದ ಎಸೆಯಲು ಬಂದ ಕಪ್ಪು ಪರದೆಗಳಿದ್ದವು. ಅವುಗಳ ಮೇಲೆ, ಹೊಲಿಯಲು ಬಾರದಷ್ಟು ಹರಿದ ಬಿಳಿ ಹಾಸಿಗೆ ಬಟ್ಟೆಗಳನ್ನು ಅಗಲವಾಗಿ ಕತ್ತರಿಸಿ ಹೊಲಿದೆ. ಮೇಲ್ವಿಚಾರಕಿಯಮ್ಮನನ್ನು ಕೇಳಿಯೇ ತೆಗೆದುಕೊಂಡದ್ದು, ಗಾಬರಿಯಾಗಬೇಡ. ಈಗ ನಮ್ಮ ಬಳಿ ಸುತ್ತಿಡುವ ಜೀಬ್ರಾ ಇದೆ! ಕೆಲಸ ಬಿಡುವ ಹೊತ್ತಿಗೆ, ರಸ್ತೆಯ ಮೇಲ್ಗಡೆಯ ಸಿಗ್ನಲ್ ಕೆಂಪಾಗಿ ಗಾಡಿ ಕಡಿಮೆಯಾದಾಗ ಉದ್ದಣ್ಣ ಒಂದು ತುದಿ ಹಿಡಿದು ಓಡುತ್ತಾನೆ. ಈ ತುದಿಗೆ ಚರಂಡಿಯ ಅಂಚಿನಲ್ಲಿ ಇಟ್ಟಿಗೆ ಇಟ್ಟು ನಾನು ನಿಲ್ಲುತ್ತೇನೆ, ಕೈ ಎತ್ತಿ. ಜನ ದಾಟುತ್ತಾರೆ. ಮತ್ತೆ ದರದರ ಎಳೆದು ಸುತ್ತಿ ಒಳಗೆ.

ಗಾಡಿಗಳು ನಿಲ್ಲುತ್ತವೆ ಕಣೇ. ಬೈಯುತ್ತಾ ನಿಲ್ಲುತ್ತವೆ.

ಅಕ್ಕನ ದಾವೆ ಹಾಕಿದ್ದಾಯಿತು. ಆ ದಿನ ಕಂಡವಳು ಎಂದು ನನ್ನ ಹೆಸರು ಸಾಕ್ಷಿಗೆ ಕೊಟ್ಟಿದ್ದಾರೆ.

ಅಮ್ಮ


ಫೆಬ್ರವರಿ ೧೫

ಅಮ್ಮಾ,

ನಿನಗೆ ಬುದ್ಧಿ ನೆಟ್ಟಗಿದೆಯಾ? ನಾನು ಬರೆದದ್ದು ಸರ್ಕಾರ ಬಳಿದ ಪಟ್ಟೆಯ ಬಗ್ಗೆ. ಬಟ್ಟೆಯ ಜೀಬ್ರಾಕ್ಕೆ ಯಾವ ಕಾನೂನೂ ಇಲ್ಲ. ಯಾರಾದರೂ ಬ್ರೇಕ್ ಹಾಕದಿದ್ದರೆ? ಬೈಕಿನವನು ಬಟ್ಟೆಯ ಮೇಲೆ ಜಾರಿ ಬಿದ್ದರೆ? ಆಗ ತಪ್ಪು ನಿನ್ನದೇ ಎಂದು ಬರೆಯುತ್ತಾರೆ, ಮತ್ತು ಆ ಸಲ ಅದು ನಿಜವೂ ಆಗಿರುತ್ತದೆ.

ನಿನ್ನೆ ಒಬ್ಬಳ ಹೇಳಿಕೆ ಟೈಪ್ ಮಾಡಿದೆ. 'ಅಮ್ಮ ಕೈ ಎತ್ತಿದ್ದರು' ಎಂಬಲ್ಲಿಗೆ ಬಂದಾಗ ಬೆರಳು ನಿಂತುಬಿಟ್ಟವು. ನ್ಯಾಯಾಧೀಶರು "ಏನಾಯ್ತಮ್ಮ?" ಎಂದು ಕೇಳಿದರು. ಯಂತ್ರ ಸ್ವಲ್ಪ ಸಿಕ್ಕಿಹಾಕಿಕೊಂಡಿತು ಸಾರ್ ಅಂದೆ.

ದಯವಿಟ್ಟು ಬೇಗ ಬರಿ. ನಿನ್ನ ಕಾಗದ ತಡವಾದರೆ ನನಗೆ ಊಟ ಇಳಿಯುವುದಿಲ್ಲ.

ಪುಕ್ಕಲಿ


ಮಾರ್ಚ್ ೨

ಪುಕ್ಕಲಿ,

ಕೆಲಸ ಜಾಸ್ತಿ, ಅದಕ್ಕೇ ತಡ. ಎಲ್ಲ ಚೆನ್ನಾಗಿದೆ. ಬಿಸಿಲು ಶುರುವಾಗಿದೆ. ಅಕ್ಕ ಕೋಲು ಹಿಡಿದು ಬಾಗಿಲ ತನಕ ನಡೆದಳು. ಮೊನ್ನೆ ತೋಳು ಸ್ವಲ್ಪ ಹರಿಯಿತು, ಹೊಲಿಗೆ ಬಿದ್ದಿದೆ, ಈಗ ಸರಿಯಾಗಿದೆ. ಸಾಕ್ಷಿಯ ದಿನ ಇನ್ನೂ ಗೊತ್ತಾಗಿಲ್ಲ. ನೀನು ಸರಿಯಾಗಿ ಊಟ ಮಾಡು.

ಅಮ್ಮ


ಮಾರ್ಚ್ ೬

ಅಮ್ಮಾ,

ತೋಳು ಅಂದರೆ ನೀನು ಹೊಲಿಯುವ ಕೋಟಿನದ್ದಾ, ನಿನ್ನದ್ದಾ?

ಅಕ್ಷರಗಳೇಕೆ ಹಾಗೆ ಸೊಟ್ಟಗಿವೆ? ನೀನು ಬಿಸಿಲಿನ ಸುದ್ದಿ ಬರೆಯುವವಳೇ ಅಲ್ಲ. ಕಾಗದದಲ್ಲಿ ಒಂದು ಬೈಗುಳವೂ ಇಲ್ಲ.

ಫೋನ್ ಮಾಡಿದರೆ ಎತ್ತುವುದಿಲ್ಲ ನೀನು. ದೊಡ್ಡಮ್ಮನಿಗೂ ಇವತ್ತೇ ಬರೆಯುತ್ತಿದ್ದೇನೆ.

ಪುಕ್ಕಲಿ


ಮಾರ್ಚ್ ೧೪

ಮಗಳೇ,

ನಿನ್ನ ಕಾಗದ ಸಿಕ್ಕಿತು. ನಿನ್ನಮ್ಮ ಹೇಳಬೇಡ ಅಂದಿದ್ದಾಳೆ, ಅದಕ್ಕೇ ಹೇಳುತ್ತಿದ್ದೇನೆ. ನಾನು ಹೇಳದೆ ಇರುವ ಜಾತಿಯವಳಲ್ಲ.

ಒಂದು ವ್ಯಾನಿನ ಕನ್ನಡಿ ಅವಳ ತೋಳಿಗೆ ಬಡಿಯಿತು. ಬಟ್ಟೆ ಹಾಸಿ ಕೈ ಎತ್ತಿದ್ದಳು, ಎದುರಿನ ಕಾರು ನಿಂತಿತು, ಪಕ್ಕದಿಂದ ಆ ಹಾಳಾದವನು ನುಗ್ಗಿದ. ಇನ್ನೊಂದು ಗೇಣು ಈಚೆಗಿದ್ದಿದ್ದರೆ ನನ್ನ ಪಕ್ಕದ ಹಾಸಿಗೆಯೋ, ಇಲ್ಲ ಕೆಳಗಿನ ತಣ್ಣನೆ ಕೋಣೆಯೋ. ತೋಳಿಗೆ ಹೊಲಿಗೆ ಹಾಕಿದರು. ಹೊಲಿಗೆ ವಕ್ರವಾಗಿದೆ ಎಂದು ಡಾಕ್ಟರಿಗೇ ಬೈದಳಂತೆ. ಮಾರನೆ ದಿನ ಮತ್ತೆ ಹೋಗಿ ನಿಂತಳು.

ಇನ್ನೂ ಒಂದಿದೆ. ನನ್ನ ವಕೀಲರು ಬಂದಿದ್ದರು. ಕಾರಿನವನ ಕಡೆಯ ವಕೀಲ ಈ ಬಟ್ಟೆಯ ಫೋಟೋ ತೆಗೆಸಿಟ್ಟಿದ್ದಾನಂತೆ. 'ಅಲ್ಲಿ ನಿಜವಾಗಿಯೂ ಪಟ್ಟೆ ಇದ್ದಿದ್ದರೆ ನೀವೇಕೆ ಬಟ್ಟೆ ಹಾಸುತ್ತಿದ್ದೀರಿ?' ಎಂದು ನಿನ್ನಮ್ಮನನ್ನು ಕಟಕಟೆಯಲ್ಲಿ ಕೇಳುತ್ತಾನಂತೆ. ಅವಳು ನನಗಾಗಿ ಮಾಡಿದ್ದೇ ನನ್ನ ಕುತ್ತಿಗೆಗೆ ಬರುತ್ತದಂತೆ. ಇದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಪರಿಹಾರ ಬರದಿದ್ದರೆ ಹೋಗಲಿ, ಆ 'ತಪ್ಪು ನಿನ್ನದು' ಅನ್ನುವುದೊಂದು ಹೊಟ್ಟೆಯಲ್ಲಿ ಉರಿಯುತ್ತದೆ. ನಾನು ಕಣ್ಣು ಮುಚ್ಚಿ ನಡೆದವಳಲ್ಲ ಮಗಳೇ. ಅಲ್ಲಿ ಬಿಳಿ ಇತ್ತು. ಯಾರೂ ನಂಬುವುದಿಲ್ಲ, ನೀನೂ ನಂಬಬೇಡ.

ನೀನೇ ಅವಳಿಗೆ ಹೇಳು.

ದೊಡ್ಡಮ್ಮ


ಮಾರ್ಚ್ ೧೯

ಅಮ್ಮಾ,

ದೊಡ್ಡಮ್ಮ ಎಲ್ಲ ಬರೆದಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ.

ನಿನ್ನನ್ನು ಬೈಯಬೇಕೆಂದು ಕೂತೆ, ಆಗುತ್ತಿಲ್ಲ. ಭಯವಾಗುತ್ತಿದೆ, ಅಷ್ಟೇ. ನನಗೆ ಇರುವುದು ನೀನೊಬ್ಬಳು. ಆ ವ್ಯಾನಿನ ಕನ್ನಡಿ ಪ್ರತಿದಿನ ನನ್ನ ಕಣ್ಣ ಮುಂದೆ ಬರುತ್ತದೆ. ನಾನು ನೋಡದೇ ಇದ್ದರೂ ಅದರ ಬಣ್ಣ ಕೂಡ ನನಗೆ ಗೊತ್ತು.

ನನ್ನ ಮಾತಿಗೆ ನೀನು ನಿಲ್ಲಿಸುವುದಿಲ್ಲ. ಆದ್ದರಿಂದ ದೊಡ್ಡಮ್ಮ ನಿನಗೆ ಹೇಳಲಾರದ್ದನ್ನು ನಾನು ಹೇಳುತ್ತೇನೆ. ನಿನ್ನ ಬಟ್ಟೆಯಿಂದ ಅವರ ದಾವೆ ಬಿದ್ದುಹೋಗಬಹುದು. ಪಟ್ಟೆ ಇರಲಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ ಅದನ್ನು ತೋರಿಸುತ್ತಾರೆ. ಇಂಥ ಪ್ರಶ್ನೆಗಳನ್ನು ನಾನು ದಿನಾ ಟೈಪ್ ಮಾಡುತ್ತೇನೆ. ಉತ್ತರಕ್ಕೆ ಹೌದು, ಅಲ್ಲ ಎರಡೇ ಜಾಗ ಬಿಡುತ್ತಾರೆ. ನಿನ್ನ ಬಾಯಿ ಜೋರಿರಬಹುದು, ಕಟಕಟೆಯಲ್ಲಿ ಅದಕ್ಕೆ ಜಾಗವಿಲ್ಲ.

ಬಟ್ಟೆ ಸುತ್ತಿ ಒಳಗಿಡು. ದೊಡ್ಡಮ್ಮನಿಗಾಗಿ.

ಪುಕ್ಕಲಿ


ಮಾರ್ಚ್ ೨೮

ಪುಕ್ಕಲಿ,

ನಿನ್ನ ಕಾಗದ ಓದಿ ಎರಡು ದಿನ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದೆ. ಅಕ್ಕನ ಹಾಸಿಗೆಯ ಹತ್ತಿರ ಹೋಗಲು ಕಾಲು ಬರಲಿಲ್ಲ. ಒಳ್ಳೆಯದು ಮಾಡಲು ಹೋಗಿ ಅವಳಿಗೇ ಗುಂಡಿ ತೋಡಿದೆನಲ್ಲ. ಮೂರನೆ ದಿನ ಬಟ್ಟೆ ಕೋಣೆಯಲ್ಲಿ ಎಲ್ಲರಿಗೂ ಹೇಳಿದೆ, ಇನ್ನು ಹಾಸುವುದಿಲ್ಲ. ಉದ್ದಣ್ಣ ಮುಖ ಸಣ್ಣಗೆ ಮಾಡಿಕೊಂಡ. ದಿನಾ ನಮ್ಮ ಹಿಂದೆ ದಾಟುತ್ತಿದ್ದ ವಾಕರ್ ಅಜ್ಜ ಅವತ್ತು ಗೇಟಿನ ಹತ್ತಿರ ನಿಂತೇ ಇದ್ದರು. ಹೇಗೆ ದಾಟಿದರೋ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ.

ಸಂಜೆ ಇಟ್ಟಿಗೆ ತರಲು ಹೋದೆ. ಅದು ಅಲ್ಲೇ ಇದ್ದರೆ ಆ ವಕೀಲ ಅದರದ್ದೂ ಫೋಟೋ ತೆಗೆಯುತ್ತಾನೆ ಎಂದು. ಎತ್ತಿದೆ. ಅಡಿಯಲ್ಲಿ ಬಟ್ಟೆಯ ತುಂಡು ಅಂಟಿಕೊಂಡಿದೆ ಎಂದುಕೊಂಡು ಉಗುರಿನಿಂದ ಕೆರೆದೆ. ಬರಲಿಲ್ಲ.

ಬಟ್ಟೆಯಲ್ಲ ಕಣೇ ಅದು. ಬಣ್ಣ!

ಡಾಂಬರು ಹಾಕಿದ ರೋಲರು ಚರಂಡಿಯ ಅಂಚಿನ ತನಕ ಬಂದಿಲ್ಲ. ಅಂಗೈ ಅಗಲದಷ್ಟು ಹಳೇ ರಸ್ತೆ ಹಾಗೇ ಉಳಿದು ಮೇಲೆ ಕೊಚ್ಚೆ ಕೂತಿತ್ತು. ನಾವು ಬಟ್ಟೆಯನ್ನು ದಿನಾ ದರದರ ಎಳೆದು ಎಳೆದು ಆ ಕೊಚ್ಚೆ ಉಜ್ಜಿಹೋಗಿದೆ. ಹೊಲಿಗೆ ಬಿಚ್ಚುವ ಕತ್ತರಿಯಿಂದ ಸ್ವಲ್ಪ ಮುಂದೆ ಕೆರೆದೆ, ಬಿಳಿ. ಇನ್ನೂ ಸ್ವಲ್ಪ ಕೆರೆದೆ, ಬಿಳಿ. ಹಳೇ ಜೀಬ್ರಾದ ಕಡೆಯ ಪಟ್ಟೆ. ಅಕ್ಕ ಮುಖ ಅಡಿಯಾಗಿ ಬಿದ್ದದ್ದು ಸರಿಯಾಗಿ ಅಲ್ಲೇ. ಅವತ್ತು ಮಳೆ ಬಂದು ನಿಂತಿತ್ತು, ಕೊಚ್ಚೆ ಸ್ವಲ್ಪ ತೊಳೆದುಹೋಗಿ ಅವಳಿಗೆ ಕಂಡಿದೆ.

ಓಡಿ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಕೋಲು ಎಳೆದುಕೊಂಡು ಎದ್ದು ಕೂತಳು. ಆಮೇಲೆ "ನನ್ ತಲೆ ಸರಿ ಇದೆ ಅಂತ ಈಗ್ಲಾದ್ರೂ ಗೊತ್ತಾಯ್ತಾ?" ಅಂದಳು. ಇಬ್ಬರೂ ಅತ್ತೆವು. ನರ್ಸ್ ಬಂದು ಬೈದಳು.

ಈಗ ಏನು ಮಾಡಬೇಕು, ಬೇಗ ಬರಿ.

ಅಮ್ಮ


ಏಪ್ರಿಲ್ ೧

ಅಮ್ಮಾ,

ಮುಟ್ಟಬೇಡ! ಇನ್ನು ಒಂದು ಉಗುರಿನಷ್ಟೂ ಕೆರೆಯಬೇಡ. ನೀನೇ ಬಳಿದದ್ದು ಅಂದುಬಿಡುತ್ತಾರೆ. ಉಳಿದದ್ದು ಕೊಚ್ಚೆಯ ಅಡಿಯಲ್ಲೇ ಇರಲಿ. ಸ್ಥಳಕ್ಕೆ ಬಂದು ನೋಡಬೇಕು ಎಂದು ನ್ಯಾಯಾಧೀಶರಿಗೆ ಇವತ್ತೇ ಅರ್ಜಿ ಹಾಕಲು ವಕೀಲರಿಗೆ ಹೇಳು. ಅವರ ಎದುರಿಗೆ, ಅವರ ಜನರೇ ಕೆರೆಯಲಿ. ಎದುರು ವಕೀಲ ಅದು ರಸ್ತೆಯಂಚಿನ ಗೆರೆ ಎನ್ನುತ್ತಾನೆ. ಅಂಚಿನ ಗೆರೆಯಾದರೆ ಮುಂದಕ್ಕೆ ಹೋಗುತ್ತಲೇ ಇರಬೇಕು. ಜೀಬ್ರಾದ್ದಾದರೆ ಎರಡೂ ಕಡೆ ನಿಲ್ಲಬೇಕು.

ನಿಲ್ಲುತ್ತದಾ ಅಮ್ಮಾ? ಬೇಡ, ನೋಡಲು ಹೋಗಬೇಡ.

ಅಷ್ಟರಲ್ಲಿ ಯಾರಾದರೂ ಬಂದು ಅಲ್ಲಿಗೆ ಡಾಂಬರು ಸುರಿದರೆ ಎಂದು ಈಗ ಹೊಸ ಭಯ ಶುರುವಾಗಿದೆ. ವ್ಯಾನಿನ ಭಯ ಸ್ವಲ್ಪ ಕಡಿಮೆಯಾಗಿದೆ. ಎರಡಕ್ಕೂ ಒಟ್ಟಿಗೆ ನನ್ನಲ್ಲಿ ಜಾಗವಿಲ್ಲ ಕಾಣುತ್ತದೆ.

ಪುಕ್ಕಲಿ


ಮೇ ೨೦

ಪುಕ್ಕಲಿ,

ಇಷ್ಟು ದಿನ ಬರೆಯದೇ ಇದ್ದದ್ದು ಬೇಕೆಂದೇ. ಬರೆದರೆ ನನ್ನ ಗಾಬರಿ ನಿನಗೂ ಅಂಟುತ್ತಿತ್ತು. ದಿನಾ ಬೆಳಿಗ್ಗೆ ಮೊದಲು ಆ ಅಂಚು ನೋಡಿಯೇ ಬಟ್ಟೆ ಕೋಣೆಗೆ ಹೋಗುತ್ತಿದ್ದೆ. ರಸ್ತೆ ಕೆಲಸದ ಲಾರಿ ಹಾದುಹೋದರೂ ಸೂಜಿ ಕೈಯಿಂದ ಬೀಳುತ್ತಿತ್ತು.

ಸಾಕ್ಷಿಯ ದಿನ ನಾನು ಸೋತೆ. ನೀನು ಹೇಳಿದ್ದೇ ಪ್ರಶ್ನೆ ಬಂತು. "ರಸ್ತೆ ಮೇಲೆ ಪಟ್ಟೆ ಕಾಣ್ತಿತ್ತಾ, ಇಲ್ವಾ?" ಎಂದ. ಇಲ್ಲ ಅಂದೆ, ಸುಳ್ಳು ಹೇಗೆ ಹೇಳಲಿ. "ಮತ್ತೆ ಬಟ್ಟೆ ಯಾಕೆ ಹಾಸಿದ್ರಿ?" ನನ್ನ ಬಾಯಿ, ಈ ನನ್ನ ಬಾಯಿ, ಕಟ್ಟಿಹೋಯಿತು. ಟೈಪ್ ಮಾಡುತ್ತಿದ್ದ ಹುಡುಗಿಯನ್ನೇ ನೋಡುತ್ತಾ ನಿಂತುಬಿಟ್ಟೆ. ಅವಳೂ ತಲೆ ಎತ್ತಿ ನನ್ನನ್ನು ನೋಡಿದಳು. ನೀನು ನೆನಪಾದೆ.

ಆದರೆ ನ್ಯಾಯಾಧೀಶೆ ಸ್ಥಳ ನೋಡಲು ಒಪ್ಪಿದ್ದರು. ಹೋದ ವಾರ ಬಂದರು. ಅವರ ಕಾರು ಆಚೆ ಬದಿಗೆ ನಿಂತಿತು, ನಾವೆಲ್ಲ ಈಚೆ ಬದಿಗೆ. ದಾಟಿ ಬರಬೇಕಲ್ಲ! ನಿಂತರು, ನಿಂತೇ ನಿಂತರು. ಒಂದು ಗಾಡಿಯೂ ನಿಲ್ಲಲಿಲ್ಲ. ಉದ್ದಣ್ಣ ನನ್ನ ಕಿವಿಯಲ್ಲಿ "ಬಟ್ಟೆ ತರ್ಲಾ?" ಅಂದ. ಸುಮ್ಮನಿರೋ ಅಂದೆ. ಕೊನೆಗೆ ಪೊಲೀಸಿನವನೊಬ್ಬ ಸೀಟಿ ಊದಿ ದಾಟಿಸಿದ. ಕಾರಿನವನ ವಕೀಲ ಬಂದು ಮುಟ್ಟುವ ಹೊತ್ತಿಗೆ ಬೆವೆತಿದ್ದ.

ಅವರ ಜನ ಕೆರೆದರು. ಬಿಳಿ ಬಂತು, ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು. ನಿಲ್ಲುವುದೇ ಇಲ್ಲವೇನೋ ಎಂದು ಅಕ್ಕನ ಕೈ ಹಿಡಿದುಕೊಂಡೆ. ನಿಂತಿತು ಕಣೇ. ಆ ಕಡೆಯೂ ನಿಂತಿತು. ಅಕ್ಕ ಕೋಲೂರಿ ಬಗ್ಗಿ ಅದನ್ನು ಮುಟ್ಟಿ ನೋಡಿದಳು.

ತೀರ್ಪು ನಿನ್ನೆ ಬಂತು. ಅಲ್ಲಿ ಪಟ್ಟೆ ಇತ್ತು, ಅಕ್ಕನ ತಪ್ಪಿಲ್ಲ. ಅವಳು ಮೂರು ಸಲ ಓದಿಸಿಕೊಂಡಳು. ಪಟ್ಟೆ ಮತ್ತೆ ಬಳಿಯಬೇಕೆಂದೂ ಬರೆದಿದ್ದಾರೆ.

ಅಮ್ಮ


ಜೂನ್ ೧೧

ಅಮ್ಮಾ,

ಆ ತೀರ್ಪಿನ ಸುದ್ದಿ ಓದಿದ ಮೇಲೆ ನನಗೆ ಏನೋ ಆಯಿತು. ಹೇಗೆ ಹೇಳಲಿ.

ಇವತ್ತು ಕೋರ್ಟಿನ ಮುಂದೆ ಹತ್ತು ಜನ ಸೇರಲಿ ಎಂದು ನಿಂತಿದ್ದೆ. ಯಾರೂ ಬರಲಿಲ್ಲ. ಪಟ್ಟೆ ಎದುರಿಗೇ ಇತ್ತು, ಬೆಳ್ಳಗೆ. ಕೈ ಎತ್ತಿದೆ, ಕಾಲಿಟ್ಟೆ. ಒಂದು ಕಾರು ಬಂತು, ದೊಡ್ಡದು. ನಾನು ಓಡಲಿಲ್ಲ ಅಮ್ಮಾ! ಹಕ್ಕು ನನ್ನದು ಎಂದುಕೊಂಡು ಅಲ್ಲೇ ನಿಂತೆ. ಕೀರಲು ಸದ್ದು ಮಾಡಿ ನಿಂತಿತು. ಎಷ್ಟು ಹತ್ತಿರ ಎಂದರೆ ಅದರ ಬಿಸಿ ನನ್ನ ಮಂಡಿಗೆ ತಾಗುತ್ತಿತ್ತು. ಡ್ರೈವರ್ ಬೈದ. ನಾನೂ ಬೈದೆ! ನಿನ್ನದೇ ಬೈಗುಳ.

ನಾಳೆಯೂ ಹಾಗೇ ದಾಟುತ್ತೇನೆ. ಇನ್ನು ನನ್ನನ್ನು ಪುಕ್ಕಲಿ ಎನ್ನಬೇಡ.

ನಿನ್ನ ಮಗಳು


ಜೂನ್ ೧೭

ಮಗಳೇ,

ನಮ್ಮಲ್ಲಿ ಪಟ್ಟೆ ಬಳಿದು ಹೋದರು. ಬಣ್ಣ ಇನ್ನೂ ಮಿಂಚುತ್ತಿದೆ. ಬಟ್ಟೆಯ ಜೀಬ್ರಾವನ್ನು ಒಗೆದು ಕಪಾಟಿನ ಮೇಲೆ ಇಟ್ಟಿದ್ದೇನೆ.

ನಿನ್ನ ಕಾಗದವನ್ನು ಗೇಟಿನ ಹತ್ತಿರ ನಿಂತೇ ಓದಿದೆ. ಕಾರಿನ ಬಿಸಿ ಮಂಡಿಗೆ ತಾಗಿತು ಎಂಬಲ್ಲಿಗೆ ಬಂದಾಗ ಪಕ್ಕದ ಕಂಬ ಹಿಡಿದುಕೊಂಡೆ. ಹಕ್ಕು ನಿನ್ನದೇ. ಯಾರು ಇಲ್ಲ ಅಂದರು. ಆದರೂ ಕೈ ಎತ್ತುವ ಮೊದಲು ಎರಡೂ ಕಡೆ ನೋಡು ತಾಯಿ. ಡ್ರೈವರ್ ನಿನ್ನನ್ನು ಕಂಡನೇ ಎಂದು ಅವನ ಕಣ್ಣು ನೋಡು. ಬೈಯುವುದನ್ನು ಆಚೆ ದಡ ಸೇರಿದ ಮೇಲೆ ಬೈ. ಮಾತು ಕೊಡು. ನನ್ನ ಕಾಗದ ಬರುವುದು ತಡವಾದಾಗ ನೀನು ಇಷ್ಟು ದಿನ ಏನು ಅನುಭವಿಸಿದೆ ಎಂದು ಈಗ ಗೊತ್ತಾಯಿತು.

ಆ ಸಂಜೆ ಹೊಸ ಪಟ್ಟೆಯ ಮುಂದೆ ನಿಂತೆ. ಅಕ್ಕ ಪಕ್ಕದಲ್ಲೇ ಕೋಲು ಹಿಡಿದು "ನಡಿಯೇ, ನಮ್ದೇ ಪಟ್ಟೆ" ಅಂದಳು. ತಡಿ ಅಕ್ಕ, ಹತ್ತು ಜನ ಸೇರಲಿ ಅಂದೆ.

ಬೇಗ ಬರಿ.

ನಿನ್ನ ಪುಕ್ಕಲಿ ಅಮ್ಮ